ಅಳದ ಕೂಸಿಗೂ ನೋವಿರುತ್ತದೆ

ಮೆದುಳಿನ ಆಪರೇಷನ್ ಆದ ಮಗು ಎರಡನೇ ದಿನ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಮಿಸುಕಾಡದೆ ಮಲಗಿರುತ್ತದೆ. ನೋಡಲು ಬಂದ ಬಂಧುಗಳಿಗೆ ಅಷ್ಟರಿಂದಲೇ ಸಮಾಧಾನವಾಗುತ್ತದೆ. ‘ಕೂಸು ಆರಾಮ ಅದ, ಅಳವಲ್ದು ನೋಡ್ರಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಔಷಧದ ಹೊತ್ತಿಗೆ ಬಂದ ನರ್ಸ್ ಕೂಡ ಮಲಗಿದ ಮಗುವನ್ನು ಯಾಕೆ ಎಬ್ಬಿಸುವುದೆಂದು ಪಕ್ಕದ ಹಾಸಿಗೆಗೆ ಹೋಗಬಹುದು. ನಿಜಸಂಗತಿ ಬಹಳ ಸಲ ಬೇರೆಯೇ ಇರುತ್ತದೆ. ತಲೆ ಅಲುಗಿದರೆ ನೋವು ಏರುತ್ತದೆಂದು ಆ ಮಗು ಆಗಲೇ ಕಲಿತಿದೆ, ಅದಕ್ಕೇ ಅಲುಗುತ್ತಿಲ್ಲ. ಅತ್ತರೆ ತಲೆ ಸಿಡಿಯುತ್ತದೆಂದು ಕಂಡುಕೊಂಡಿದೆ, ಅದಕ್ಕೇ ಅಳುತ್ತಿಲ್ಲ.

ನಾನು ಇಲ್ಲಿ ಹೇಳಬೇಕೆಂದಿರುವ ಮಾತು ಒಂದೇ. ಮೆದುಳಿನ ಶಸ್ತ್ರಚಿಕಿತ್ಸೆಯಾದ ಮಗುವಿನ ನೋವನ್ನು ಕೇಳಿ, ನೋಡಿ, ಅಳೆದು, ಹೊತ್ತಿಗೆ ಸರಿಯಾಗಿ ಇಳಿಸಬೇಕು. ಅತ್ತಾಗ ನೋಡಿದರಾಯಿತು ಎಂದು ಕಾಯಬಾರದು. ನೋವನ್ನು ಅಪಾಯವಿಲ್ಲದೆ ಇಳಿಸುವ ದಾರಿಗಳು ಇವೆ. ಆ ಕೆಲಸದಲ್ಲಿ ವೈದ್ಯರಷ್ಟೇ ದೊಡ್ಡ ಪಾಲು ಹಾಸಿಗೆಯ ಪಕ್ಕ ಕೂತ ಅವ್ವ, ಅಪ್ಪ, ಅಜ್ಜಿಯದೂ ಹೌದು.

ಗಡಿಯೂರಿನಿಂದ ಹೈದರಾಬಾದಿಗೆ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸುತ್ತಿನ ಕನ್ನಡದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶದ ಪಾಲಾದವು, 2014ರಲ್ಲಿ ತೆಲಂಗಾಣಕ್ಕೆ ಬಂದವು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಹೆಣ್ಣು ಕೊಟ್ಟು ತರುವ ಸಂಬಂಧ ಇಂದಿಗೂ ಬೀದರ್, ಚಿಂಚೋಳಿ, ಸೇಡಂ ಕಡೆ ನಡೆಯುತ್ತದೆ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ. ತಾಂಡಾಗಳ ಮಕ್ಕಳಿಗೆ ಮೊದಲ ಮಾತು ಲಂಬಾಣಿ.

ಈ ಮೂರೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಆದರೆ ತಲೆಯ ಆಪರೇಷನ್ ಅಂದರೆ ನೂರು ಕಿಲೋಮೀಟರಿನ ಆಸುಪಾಸಿನ ಹೈದರಾಬಾದೇ ಗತಿ. ಪಂಜಾಗುಟ್ಟದ ನಿಮ್ಸ್, ಉಸ್ಮಾನಿಯಾ, ಗಾಂಧಿ ಆಸ್ಪತ್ರೆ, ಇಲ್ಲವೇ ಖಾಸಗಿ ಆಸ್ಪತ್ರೆ. ಕೆಲವರು ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗುತ್ತಾರೆ. ಮಕ್ಕಳನ್ನು ಅಲ್ಲಿಗೆ ಒಯ್ಯುವ ಕಾರಣಗಳು ಹಲವು: ಹೆದ್ದಾರಿಯ ಅಪಘಾತ, ಮಾಳಿಗೆಯಿಂದ ಬಿದ್ದು ಒಡೆದ ಬುರುಡೆ, ಹುಟ್ಟಿನಿಂದಲೇ ತಲೆಯಲ್ಲಿ ನೀರು ತುಂಬುವ ರೋಗ, ಮೆದುಳಿನ ಪೊರೆಗೆ ತಗುಲಿದ ಕ್ಷಯ, ಹಿಂದಲೆಯ ಗಡ್ಡೆ. ಕಬ್ಬಿನ ಹೊಲದಲ್ಲೋ ತಾಂಡೂರಿನ ಕಲ್ಲಿನ ಗಣಿಯಲ್ಲೋ ದುಡಿಯುವ ತಂದೆತಾಯಿ ಕೂಲಿ ಬಿಟ್ಟು, ಗುರುತಿಲ್ಲದ ಶಹರದಲ್ಲಿ ವಾರಗಟ್ಟಲೆ ಕಾರಿಡಾರಿನಲ್ಲಿ ಕಳೆಯುತ್ತಾರೆ. ಅಷ್ಟೊಂದು ಅಂಜಿಕೆಯ ನಡುವೆ ‘ಮಗುವಿಗೆ ನೋವಾಗುತ್ತಿದೆಯೇ’ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಜೀವ ಉಳಿದರೆ ಸಾಕು, ನೋವು ತಾನೇ ಹೋಗುತ್ತದೆ ಎನ್ನುತ್ತಾರೆ. ಜೀವ ಉಳಿಸುವುದು ಮತ್ತು ನೋವು ಇಳಿಸುವುದು ಎರಡೂ ಒಂದೇ ಚಿಕಿತ್ಸೆಯ ಭಾಗ ಎಂದು ಯಾರಾದರೂ ಅವರಿಗೆ ಹೇಳಬೇಕು.

ನೋವು ಹುಟ್ಟುವುದೆಲ್ಲಿ?

ಮೆದುಳಿಗೆ ನೋವು ತಿಳಿಯುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಅದು ನಿಜ. ನೋವನ್ನು ಗ್ರಹಿಸುವ ನರತುದಿಗಳು ಮೆದುಳಿನ ತಿರುಳಿನಲ್ಲಿಲ್ಲ. ರೋಗಿ ಎಚ್ಚರವಾಗಿರುವಾಗಲೇ ಕೆಲವು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಾಗಿರುವುದೂ ಅದರಿಂದಲೇ. ಆದರೆ ಮೆದುಳನ್ನು ಮುಟ್ಟಬೇಕಾದರೆ ಏನೇನನ್ನು ದಾಟಿ ಹೋಗಬೇಕು ಎಂಬುದನ್ನು ನೋಡಿ. ಮೊದಲು ನೆತ್ತಿಯ ಚರ್ಮ. ಅದರಲ್ಲಿ ನರಗಳು ಒತ್ತೊತ್ತಾಗಿ ಹರಡಿವೆ. ಆಮೇಲೆ ಕಣತಲೆಯ ಅಥವಾ ಕುತ್ತಿಗೆಯ ಸ್ನಾಯು. ಅದರಡಿ ಎಲುಬನ್ನು ಹೊದ್ದ ಪೊರೆ. ಎಲುಬು ಕತ್ತರಿಸಿ ತೆಗೆದ ಮೇಲೆ ಮೆದುಳನ್ನು ಸುತ್ತಿಕೊಂಡ ಗಟ್ಟಿ ಪೊರೆ. ಇವೆಲ್ಲಕ್ಕೂ ನೋವು ಚೆನ್ನಾಗಿ ತಿಳಿಯುತ್ತದೆ. ತಲೆಯ ಮುಂಭಾಗ ಮತ್ತು ಕಣತಲೆಯ ನೋವನ್ನು ಮುಖದ ದೊಡ್ಡ ನರದ ಕವಲುಗಳು ಒಯ್ಯುತ್ತವೆ, ಹಿಂದಲೆಯ ನೋವನ್ನು ಕುತ್ತಿಗೆಯ ಮೇಲ್ಭಾಗದ ನರಗಳು.

ಕೊಯ್ದ ಜಾಗದ ಮೇಲೆ ನೋವಿನ ಸ್ವರೂಪವೂ ಬದಲಾಗುತ್ತದೆ. ಕಣತಲೆಯ ಸ್ನಾಯುವನ್ನು ಕತ್ತರಿಸಿದ್ದರೆ ಮಗುವಿಗೆ ಬಾಯಿ ತೆರೆಯುವುದು, ಅಗಿಯುವುದು ಕಷ್ಟ. ಅದು ಊಟ ಒಲ್ಲೆ ಎಂದಾಗ ಹಟ ಎಂದು ಗದರಬಾರದು. ಹಿಂದಲೆಯ ಗಡ್ಡೆ ತೆಗೆಯಲು ಕುತ್ತಿಗೆಯ ಸ್ನಾಯುಗಳನ್ನು ಬಿಡಿಸಿರುತ್ತಾರೆ, ಅಂಥ ಮಗು ಕತ್ತನ್ನು ಬಿಗಿಹಿಡಿದು ಮೈ ಪೂರ್ತಿ ತಿರುಗಿಸಿ ನೋಡುತ್ತದೆ. ತಲೆಯ ನೀರನ್ನು ಹೊಟ್ಟೆಗೆ ಹರಿಸುವ ಶಂಟ್ ಎಂಬ ಸಣ್ಣ ನಳಿಗೆ ಹಾಕಿದ್ದರೆ ನೋವು ಮೂರು ಕಡೆ ಇರುತ್ತದೆ: ಕಿವಿಯ ಹಿಂದೆ, ನಳಿಗೆ ತೂರಿಸಿದ ಕುತ್ತಿಗೆ ಮತ್ತು ಎದೆಯ ಉದ್ದಕ್ಕೂ, ಹೊಟ್ಟೆಯ ಗಾಯದಲ್ಲಿ. ತಲೆಯ ಆಪರೇಷನ್ ಆದ ಕೂಸು ಹೊಟ್ಟೆ ಹಿಡಿದುಕೊಂಡರೆ ಗಾಳಿ ಹಿಡಿದಿದೆ ಎಂದು ಓಂಕಾಳು ನೀರು ಕುಡಿಸಿ ಸುಮ್ಮನಾಗುವ ಮುಂಚೆ ಈ ಗಾಯವನ್ನು ನೆನಪಿಸಿಕೊಳ್ಳಬೇಕು.

ಬುರುಡೆ ತೆರೆದ ಶಸ್ತ್ರಚಿಕಿತ್ಸೆಯ ನಂತರ ಅಂಥಾ ನೋವೇನೂ ಇರುವುದಿಲ್ಲ ಎಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. 1996ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಹತ್ತರಲ್ಲಿ ಆರು ರೋಗಿಗಳಿಗೆ ನೋವಿತ್ತು, ಅವರಲ್ಲೂ ಹೆಚ್ಚಿನವರಿಗೆ ಮಧ್ಯಮದಿಂದ ತೀವ್ರ ನೋವು. ಹೆಚ್ಚಾಗಿ ಕಾಣಿಸಿದ್ದು ಮೊದಲ 48 ಗಂಟೆಗಳಲ್ಲಿ. ಅವರೆಲ್ಲ ದೊಡ್ಡವರು, ಬಾಯಿಬಿಟ್ಟು ಹೇಳಬಲ್ಲವರು. ಹಾಗಿದ್ದೂ ಯಾರಾದರೂ ಕೂತು ಕೇಳುವವರೆಗೆ ಅದು ಲೆಕ್ಕಕ್ಕೆ ಬಂದಿರಲಿಲ್ಲ. ಹೇಳಲಾಗದ ಮಕ್ಕಳ ಸ್ಥಿತಿ ಏನಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಒಂದು ತಪ್ಪು ನಂಬಿಕೆ, ಒಂದು ನಿಜವಾದ ಅಂಜಿಕೆ

ಮಕ್ಕಳ ನೋವು ಕಡೆಗಣನೆಗೆ ಬಿದ್ದದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂಬ ನಂಬಿಕೆ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ಮೈ ಅಲುಗದಂತೆ ಮಾಡುವ ಔಷಧ ಮತ್ತು ತೀರಾ ಹಗುರ ಅರಿವಳಿಕೆ ಕೊಟ್ಟು ಎದೆ ತೆರೆಯುತ್ತಿದ್ದರು. ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರಾದವರು ನಮ್ಮ ದೇಶದವರೇ ಆದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನಲ್ಲಿ ಎಂ.ಬಿ.ಬಿ.ಎಸ್. ಓದಿ ಆಕ್ಸ್‌ಫರ್ಡಿಗೆ ಹೋದ ಅವರು, ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಬಂದ ಅವಧಿಪೂರ್ವ ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗಿನ ರೂಢಿಯ ಅರಿವಳಿಕೆ, ಇನ್ನೊಂದಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವು ನಿವಾರಕ. ಎರಡನೇ ಗುಂಪಿನ ಶಿಶುಗಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಕಡಿಮೆ ಏರಿದವು, ಆಪರೇಷನ್ ನಂತರದ ತೊಡಕುಗಳೂ ಕಡಿಮೆಯಾದವು. 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನ ಜಗತ್ತಿನ ಆಪರೇಷನ್ ಕೋಣೆಗಳ ರೂಢಿಯನ್ನು ಬದಲಿಸಿತು. ನೋವನ್ನು ಇಳಿಸಿದರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಆಗ ಸಾಬೀತಾಯಿತು.

ಎರಡನೇ ಕಾರಣ ಬರೀ ನಂಬಿಕೆಯಲ್ಲ, ನಿಜವಾದ ಅಂಜಿಕೆ. ಮಾರ್ಫಿನ್ ಜಾತಿಯ ಔಷಧ ಹೆಚ್ಚಾದರೆ ಮಗುವಿಗೆ ಮಂಪರು ಕವಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಮೆದುಳಿನೊಳಗೆ ರಕ್ತ ಸೋರುತ್ತಿದೆಯೇ, ಬಾವು ಏರುತ್ತಿದೆಯೇ ಎಂದು ವೈದ್ಯರು ತಿಳಿಯುವುದು ಎಚ್ಚರ ಮತ್ತು ಪಾಪೆ ನೋಡಿಯೇ. ಔಷಧವೇ ಆ ಕುರುಹನ್ನು ಮುಚ್ಚಿಬಿಟ್ಟರೆ ಎಂಬ ಚಿಂತೆ ಅವರದು. ಇನ್ನೂ ಒಂದು ಸರಪಳಿ ಇದೆ. ಉಸಿರು ನಿಧಾನವಾದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ, ಅದು ಹೆಚ್ಚಿದರೆ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ಬುರುಡೆಯೊಳಗಿನ ಒತ್ತಡ ಏರುತ್ತದೆ. ಈ ಅಂಜಿಕೆಯಿಂದ ನರಶಸ್ತ್ರಚಿಕಿತ್ಸಕರು ದಶಕಗಳ ಕಾಲ ಮಾರ್ಫಿನ್ ಬಿಟ್ಟು ಕೋಡೀನನ್ನು ನೆಚ್ಚಿಕೊಂಡರು. ಅದು ಸೌಮ್ಯ ಎಂದುಕೊಂಡಿದ್ದರು. ಆದರೆ ಕೋಡೀನ್ ಕೆಲಸ ಮಾಡುವುದು ಯಕೃತ್ತು ಅದನ್ನು ಮಾರ್ಫಿನ್ ಆಗಿ ಬದಲಿಸಿದ ಮೇಲೇ. ಕೆಲವು ಮಕ್ಕಳ ದೇಹ ಅದನ್ನು ಬದಲಿಸುವುದೇ ಇಲ್ಲ, ಅವರಿಗೆ ನೋವು ಇಳಿಯುವುದಿಲ್ಲ. ಕೆಲವರ ದೇಹ ಬೇಗಬೇಗ ಬದಲಿಸಿಬಿಡುತ್ತದೆ, ಅವರ ಉಸಿರಿಗೆ ಅಪಾಯ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ನೋವಿನ ಮಾರ್ಗಸೂಚಿಯಿಂದ ಕೋಡೀನನ್ನು ಕೈಬಿಟ್ಟಿತು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 12 ವರ್ಷದೊಳಗಿನ ಮಕ್ಕಳ ನೋವಿಗೆ ಕೋಡೀನ್ ಮತ್ತು ಟ್ರಾಮಡಾಲ್ ಎರಡೂ ಸಲ್ಲದು ಎಂದಿತು.

ಇನ್ನೊಂದು ಕಡೆಯನ್ನೂ ತೂಗಬೇಕು. ಇಳಿಸದ ನೋವು ನಿರಪಾಯಕಾರಿಯಲ್ಲ. ನೋವಿನಿಂದ ಕಿರುಚುವ, ಹೊರಳಾಡುವ ಮಗುವಿನ ರಕ್ತದೊತ್ತಡ ಏರುತ್ತದೆ, ಬುರುಡೆಯೊಳಗಿನ ಒತ್ತಡವೂ ಏರುತ್ತದೆ. ಹಸಿ ಗಾಯದಲ್ಲಿ ರಕ್ತ ಒಸರುವ ಅಪಾಯ ಅದರಿಂದಲೂ ಇದೆ. ಆದ್ದರಿಂದ ಔಷಧ ಕೊಡಬೇಕೋ ಬೇಡವೋ ಎಂಬ ವಾದ ಈಗ ಹಳತಾಯಿತು. ಯಾವುದನ್ನು, ಎಷ್ಟು, ಯಾರ ಕಣ್ಗಾವಲಿನಲ್ಲಿ ಕೊಡಬೇಕು ಎಂಬುದೇ ಇಂದಿನ ಪ್ರಶ್ನೆ.

ಈ ಕಣ್ಗಾವಲಿನ ಪಾಠಕ್ಕೂ ಹೈದರಾಬಾದಿಗೂ ಹಳೆಯ ನಂಟಿದೆ. ಈ ಮೂರು ಊರುಗಳೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1888 ಮತ್ತು 1889ರಲ್ಲಿ, ಅಲ್ಲಿ ಎರಡು ಕ್ಲೋರೊಫಾರ್ಮ್ ಆಯೋಗಗಳು ನಡೆದವು. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಮುಂದಾಳು, ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹಣಕೊಟ್ಟವರು. ಎರಡನೇ ಆಯೋಗಕ್ಕೆ ‘ಲ್ಯಾನ್ಸೆಟ್’ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವಿಜ್ಞಾನಿಯನ್ನು ಕಳಿಸಿತ್ತು. ಅದೇ ಹೈದರಾಬಾದಿನಲ್ಲಿ ಆ ಕಾಲದಲ್ಲಿ ಕ್ಲೋರೊಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಎಣಿಸುತ್ತಾರೆ. ಕ್ಲೋರೊಫಾರ್ಮ್ ಹೃದಯಕ್ಕೆ ನೇರ ಅಪಾಯ ಮಾಡುವುದಿಲ್ಲ ಎಂಬ ಆಯೋಗದ ತೀರ್ಮಾನ ಮುಂದೆ ತಪ್ಪೆಂದು ತಿಳಿಯಿತು. ಆದರೆ ನೋವು ಮರೆಸುವ ಔಷಧ ಕೊಟ್ಟವರು ರೋಗಿಯ ಉಸಿರಿನಿಂದ ಕಣ್ಣು ತೆಗೆಯಬಾರದು ಎಂಬ ಲಾರಿಯ ಪಟ್ಟು ಇಂದಿಗೂ ನಿಂತಿದೆ. ಮಾರ್ಫಿನ್ ಕೊಟ್ಟ ಮಗುವಿನ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್, ನರ್ಸ್ ಎಣಿಸುವ ಉಸಿರು, ಗಂಟೆಗಂಟೆಗೆ ಹೆಸರು ಕರೆದು ಎಬ್ಬಿಸಿ ನೋಡುವುದು, ಎಲ್ಲವೂ ಅದೇ ಎಚ್ಚರಿಕೆಯ ಮುಂದುವರಿಕೆ.

ಹೇಳಲಾಗದ ನೋವನ್ನು ಅಳೆಯುವುದು

ನೋವನ್ನು ಅಳೆಯುವ ಯಂತ್ರವಿಲ್ಲ. ಆದರೆ ಅಳೆಯುವ ಕ್ರಮಗಳಿವೆ. ಎಂಟು ವರ್ಷ ದಾಟಿದ ಮಗುವಿಗೆ ‘ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದಷ್ಟು, ನಿನಗೀಗ ಎಷ್ಟು’ ಎಂದು ಕೇಳಬಹುದು. ನಾಲ್ಕೈದು ವರ್ಷದ ಮಗುವಿಗೆ ಆರು ಮುಖಗಳ ಚಿತ್ರ ತೋರಿಸಿ, ನಿನ್ನ ನೋವು ಯಾವ ಮುಖದಂತಿದೆ ಎಂದು ಬೆರಳಿಡಲು ಹೇಳುತ್ತಾರೆ. ಅದಕ್ಕಿಂತ ಸಣ್ಣ ಕೂಸುಗಳಿಗೆ 1997ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫ್ಲ್ಯಾಕ್’ ಮಾಪನವಿದೆ. ಎರಡು ತಿಂಗಳ ಶಿಶುವಿನಿಂದ ಏಳು ವರ್ಷದವರೆಗೆ ಅದು ಉಪಯೋಗಕ್ಕೆ ಬರುತ್ತದೆ, ಅದನ್ನು ಯಾವ ತಾಯಿಯೂ ಕಲಿಯಬಹುದು.

ನೋಡಬೇಕಾದದ್ದು ಐದು. ಮುಖ: ಹುಬ್ಬು ಗಂಟಿಕ್ಕಿದೆಯೇ, ದವಡೆ ಬಿಗಿದಿದೆಯೇ, ಗದ್ದ ನಡುಗುತ್ತಿದೆಯೇ? ಕಾಲು: ಸಡಿಲವಾಗಿವೆಯೇ, ಚಡಪಡಿಸುತ್ತಿವೆಯೇ, ಒದೆಯುತ್ತಿವೆಯೇ, ಹೊಟ್ಟೆಗೆ ಎಳೆದುಕೊಂಡಿವೆಯೇ? ಮೈಯ ಚಲನೆ: ನಿರಾಳವಾಗಿ ಮಲಗಿದೆಯೇ, ಹೊರಳಾಡುತ್ತಿದೆಯೇ, ಬಿಲ್ಲಿನಂತೆ ಬಾಗಿ ಸೆಟೆದಿದೆಯೇ? ಅಳು: ಇಲ್ಲವೇ, ನರಳಿಕೆಯೇ, ಬಿಡದೆ ಅಳುವುದೇ? ಸಮಾಧಾನ: ಎತ್ತಿಕೊಂಡರೆ, ಮೈ ತಡವಿದರೆ ಸುಮ್ಮನಾಗುತ್ತದೆಯೇ, ಏನು ಮಾಡಿದರೂ ಇಲ್ಲವೇ? ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಕೂಡಿದರೆ ಹತ್ತು. ನಾಲ್ಕು ಮತ್ತು ಅದಕ್ಕಿಂತ ಮೇಲೆ ಬಂದರೆ ಮಧ್ಯಮ ನೋವು, ಏಳು ಮುಟ್ಟಿದರೆ ತೀವ್ರ. ಈ ಪಟ್ಟಿಯಲ್ಲಿ ಅಳು ಐದರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ. ಅಳದೆ ಮುಖ ಗಂಟಿಕ್ಕಿ, ಕಾಲು ಎಳೆದುಕೊಂಡು, ಮೈ ಸೆಟೆದು ಮಲಗಿದ ಮಗುವಿಗೆ ಆರು ಅಂಕ ಸಿಗಬಹುದು.

ಮೆದುಳಿನ ಆಪರೇಷನ್ ಆದವರಲ್ಲಿ ಇನ್ನೂ ಒಂದು ತೊಡಕಿದೆ. ಹಿಂದಲೆಯ ಗಡ್ಡೆ ತೆಗೆದ ಮಕ್ಕಳಲ್ಲಿ, ವಿಶೇಷವಾಗಿ ಮೆಡುಲ್ಲೊಬ್ಲಾಸ್ಟೋಮಾ ಎಂಬ ಗಡ್ಡೆ ತೆಗೆದವರಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಮಗು ಮೊದಲೆರಡು ದಿನ ಮಾತಾಡಿ ಆಮೇಲೆ ಮಾತು ನಿಲ್ಲಿಸಿಬಿಡುತ್ತದೆ. ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮೌನ. ಜೊತೆಗೆ ತಡೆಯಲಾಗದ ಕಿರಿಕಿರಿ. ಹೆದರಿದ ಮನೆಯವರಿಗೆ ಇದು ದೃಷ್ಟಿ ತಾಗಿದಂತೆ, ಗಾಳಿ ಸೋಕಿದಂತೆ ಕಾಣಬಹುದು. ಇದು ವೈದ್ಯರಿಗೆ ಪರಿಚಿತವಾದ ಸ್ಥಿತಿ, ಹೆಚ್ಚಿನ ಮಕ್ಕಳಲ್ಲಿ ಮಾತು ಮೆಲ್ಲಗೆ ಮರಳುತ್ತದೆ. ಆದರೆ ಆ ಅವಧಿಯಲ್ಲಿ ಮಗುವಿನ ನೋವನ್ನು ಹೇಳುವವರು ಯಾರು? ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳದ್ದೂ ಇದೇ ಪಾಡು. ಮಾತಿನಲ್ಲಿ ಹೇಳಲಾಗದಿದ್ದರೆ ನೋವಿಲ್ಲ ಎಂದರ್ಥವಲ್ಲ ಎಂಬುದನ್ನು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ತನ್ನ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ಸೇರಿಸಿದೆ. ಇಂಥ ಮಕ್ಕಳಿಗೆ ತಾಯಿಯ ಸಾಕ್ಷ್ಯವೇ ಅಳತೆ. ‘ಇವನಿಗೆ ನೋವಾದರೆ ಕಿವಿ ಎಳಕೊಳ್ತಾನ’, ‘ಇಕಿ ನೋವಿದ್ರ ಸೆರಗು ಕಚ್ತಾಳ’ ಎಂಬಂಥ ಸಂಗತಿಗಳನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಯಲು ಕೇಳಿ.

ಗಡಿಭಾಗದ ಮಕ್ಕಳಿಗೆ ಭಾಷೆಯ ಗೋಡೆಯೂ ಇದೆ. ತೆಲುಗಿನಲ್ಲಿ ಪಾಠ ಒಪ್ಪಿಸುವ ಹುಡುಗ ಕೂಡ ಸಂಕಟದಲ್ಲಿ ಮನೆಯ ಮಾತಿಗೇ ಬರುತ್ತಾನೆ. ‘ತಲಿ ಸಿಡಿಲಕತ್ತದ’ ಎಂದರೆ ಒಂದು ಬಗೆಯ ನೋವು, ‘ಗಾಯ ಉರೀಲಕತ್ತದ’ ಎಂದರೆ ಇನ್ನೊಂದು, ‘ಕಣ್ಣು ಕತ್ತಲಿ ಬರ್ಲಕತ್ತದ’ ಎಂದರೆ ಮೂರನೆಯದು. ವೈದ್ಯರಿಗೆ ಇವು ಬೇರೆ ಬೇರೆ ಸುಳಿವುಗಳು. ಮೊದಲನೆಯದು ಒಳಗಿನ ಒತ್ತಡದ್ದಿರಬಹುದು, ಎರಡನೆಯದು ಹೊಲಿಗೆಯದು, ಮೂರನೆಯದಕ್ಕೆ ಕೂಡಲೇ ಪರೀಕ್ಷೆ ಬೇಕು. ಎಲ್ಲವನ್ನೂ ಸೇರಿಸಿ ‘ನೊಪ್ಪಿ’ ಅಥವಾ ‘ದರ್ದ್’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಆ ಸುಳಿವು ಕಳೆದುಹೋಗುತ್ತದೆ. ತೆಲುಗೋ ಉರ್ದುವೋ ಚೆನ್ನಾಗಿ ಬಲ್ಲ ಒಬ್ಬ ಮಾವನೋ ಚಿಕ್ಕಪ್ಪನೋ ರೌಂಡ್ಸ್ ಹೊತ್ತಿಗೆ ಹಾಸಿಗೆಯ ಬಳಿ ಇದ್ದು, ಮಗು ಆಡಿದ್ದನ್ನು ಆಡಿದಂತೆಯೇ ವಿವರಿಸಬೇಕು.

ಆಸ್ಪತ್ರೆಯಲ್ಲಿ ನೋವು ಇಳಿಸುವ ಬಗೆ

ಇಂದಿನ ಒಳ್ಳೆಯ ಕ್ರಮದಲ್ಲಿ ಒಂದೇ ಔಷಧದ ಮೇಲೆ ಭಾರ ಹಾಕುವುದಿಲ್ಲ. ಹಲವು ದಾರಿಗಳಿಂದ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ, ಆಗ ಯಾವುದರ ಅಡ್ಡಪರಿಣಾಮವೂ ಏರುವುದಿಲ್ಲ. ಮೊದಲನೆಯದು ಆಪರೇಷನ್ ಕೋಣೆಯಲ್ಲೇ ನಡೆಯುತ್ತದೆ. ಹಣೆ, ಕಣತಲೆ, ಹಿಂದಲೆಯಲ್ಲಿ ನೆತ್ತಿಗೆ ಹೋಗುವ ನರಗಳ ಪಕ್ಕ ಮರಗಟ್ಟಿಸುವ ಔಷಧ ಚುಚ್ಚುತ್ತಾರೆ. ಇದಕ್ಕೆ ಸ್ಕಾಲ್ಪ್ ಬ್ಲಾಕ್ ಎನ್ನುತ್ತಾರೆ. ಹಲ್ಲು ಕೀಳುವ ಮುಂಚೆ ವಸಡಿಗೆ ಇಂಜೆಕ್ಷನ್ ಕೊಡುವ ಹಾಗೆಯೇ ಇದು. ಕೆಲವು ಗಂಟೆಗಳ ಕಾಲ ನೋವು ಹುಟ್ಟುವ ಜಾಗದಲ್ಲೇ ತಡೆಯುತ್ತದೆ, ಮಗುವಿಗೆ ಮಂಪರು ತರುವುದಿಲ್ಲ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ತಜ್ಞರನ್ನು ಕಂಡಾಗ ‘ನೆತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತೀರೇನ್ರಿ’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡನೆಯದು ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್. ಮೊದಲೆರಡು ದಿನ ಮಗು ಕೇಳಲಿ ಬಿಡಲಿ, ಗಡಿಯಾರ ನೋಡಿ ಕೊಡಬೇಕು. ನೋವು ಏರಿದ ಮೇಲೆ ಇಳಿಸಲು ಬೇಕಾದ ಔಷಧಕ್ಕಿಂತ ಏರದಂತೆ ಹಿಡಿಯಲು ಬೇಕಾದ ಔಷಧ ಕಡಿಮೆ. ಐಬುಪ್ರೊಫೆನ್ ಜಾತಿಯ ಔಷಧಗಳು ರಕ್ತ ಹೆಪ್ಪುಗಟ್ಟುವುದನ್ನು ತುಸು ತಡೆಯುವುದರಿಂದ ಅವನ್ನು ಯಾವಾಗ ಶುರು ಮಾಡಬೇಕೆಂಬುದು ಶಸ್ತ್ರಚಿಕಿತ್ಸಕರ ನಿರ್ಧಾರ. ಮೂರನೆಯದು, ಅಷ್ಟಕ್ಕೂ ಬಗ್ಗದ ನೋವಿಗೆ ಐಸಿಯುನಲ್ಲಿ ಕಡಿಮೆ ಪ್ರಮಾಣದ ಮಾರ್ಫಿನ್ ಅಥವಾ ಫೆಂಟನಿಲ್, ಬಿಗಿ ಕಣ್ಗಾವಲಿನಲ್ಲಿ. ಅದರ ಜೊತೆ ವಾಂತಿ ತಡೆಯುವ ಔಷಧ ಮತ್ತು ಮಲ ಸಡಿಲಿಸುವ ಔಷಧ ಇರಬೇಕು. ಮಲಬದ್ಧತೆಯಿಂದ ಮಗು ತಿಣುಕಿದರೆ ತಲೆಯೊಳಗಿನ ಒತ್ತಡ ಏರುತ್ತದೆ.

ಮಾರ್ಫಿನ್ ಎಂದ ಕೂಡಲೇ ಚಟ ಹತ್ತುತ್ತದೆ ಎಂದು ಹೆದರುವವರು ಬಹಳ. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ವೈದ್ಯರು ಅಳೆದು ಕೊಡುವ ಔಷಧವನ್ನು ಅದಕ್ಕೆ ಹೆದರಿ ತಡೆಯಬಾರದು. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿ ನಿಯಮಗಳಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. ಅದನ್ನು ಸರಿಪಡಿಸಲು ಸಂಸತ್ತು 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ನೋವು ನಿವಾರಣೆಗೆ ಬೇಕಾದ ಅಗತ್ಯ ಔಷಧಗಳ ದಾರಿ ಸುಗಮ ಮಾಡಿತು. ಹೈದರಾಬಾದಿನ ರೆಡ್ ಹಿಲ್ಸ್‌ನ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯ ವಿಭಾಗವಿದ್ದು, ಮಕ್ಕಳನ್ನೂ ನೋಡುತ್ತದೆ. ಗಡ್ಡೆಯ ಆಪರೇಷನ್ ಆಗಿ ರೇಡಿಯೇಷನ್ನಿಗೆ ಅಲ್ಲಿಗೆ ಹೋಗುವ ಮನೆಯವರು ಆ ವಿಭಾಗದ ಬಾಗಿಲನ್ನೂ ತಟ್ಟಬೇಕು.

ಔಷಧದಾಚೆಯ ಉಪಾಯಗಳೂ ಇವೆ. ವೈದ್ಯರು ಬೇಡವೆನ್ನದಿದ್ದರೆ ತಲೆಯ ಕಡೆ ಹಾಸಿಗೆಯನ್ನು ಸುಮಾರು 30 ಡಿಗ್ರಿ ಎತ್ತರಿಸುವುದು, ಗಾಯವಿಲ್ಲದ ಮಗ್ಗುಲಿಗೆ ಮೆತ್ತನೆಯ ಬಟ್ಟೆ ಇಡುವುದು, ಕಣ್ಣಿಗೆ ಹೊಡೆಯುವ ದೀಪ ಆರಿಸುವುದು, ಎದೆಹಾಲು ಕುಡಿಯುವ ಕೂಸಿಗೆ ಡ್ರೆಸಿಂಗ್ ಅಥವಾ ಸೂಜಿ ಚುಚ್ಚುವ ಹೊತ್ತಿಗೆ ಹಾಲೂಡುವುದು. ‘ಏನೂ ಆಗಂಗಿಲ್ಲ’ ಎಂದು ಸುಳ್ಳು ಹೇಳಿ ಚುಚ್ಚಿಸಬೇಡಿ. ಒಮ್ಮೆ ಮೋಸಹೋದ ಮಗು ಆಮೇಲೆ ಬಿಳಿ ಕೋಟು ಕಂಡರೇ ನಡುಗುತ್ತದೆ. ‘ಸ್ವಲ್ಪ ಚುಚ್ತದ, ನಾ ಕೈ ಹಿಡ್ಕೊಂಡಿರ್ತೀನಿ, ಹತ್ತರ ತನಕ ಎಣಿಸೋಣ’ ಎನ್ನಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ಮೇಲೆ ಜವಾಬ್ದಾರಿ ಪೂರ್ತಿ ಮನೆಯವರದು. ಇಲ್ಲಿ ಆಗುವ ದೊಡ್ಡ ತಪ್ಪು ಸಿರಪ್ಪಿನ ಲೆಕ್ಕದ್ದು. ಮಗುವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 15 ಕಿಲೋ ಮಗುವಿಗೆ ಒಂದು ಸಲಕ್ಕೆ 225 ಮಿಲಿಗ್ರಾಂ ಆಯಿತು. ಆದರೆ ಅಂಗಡಿಯಲ್ಲಿ ಅದೇ ಔಷಧ ಮೂರು ಬಲದಲ್ಲಿ ಸಿಗುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 9 ಮಿಲಿಲೀಟರ್ ಬೇಕು. 250 ಮಿಲಿಗ್ರಾಂ ಇರುವುದಾದರೆ ನಾಲ್ಕೂವರೆ ಸಾಕು. ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಎರಡೂಕಾಲು. ಹೈದರಾಬಾದಿನ ಬಾಟಲಿ ಮುಗಿದು ಊರಿನ ಅಂಗಡಿಯಲ್ಲಿ ಇನ್ನೊಂದು ಕೊಂಡಾಗ ಹಳೆಯ ಅಳತೆಯಲ್ಲೇ ಹಾಕಿದರೆ ಮಗುವಿಗೆ ಎರಡು ಪಟ್ಟು ಔಷಧ ಹೋಗಬಹುದು, ಇಲ್ಲವೇ ಅರ್ಧ ಮಾತ್ರ ಹೋಗಬಹುದು. ಹೆಚ್ಚಾದರೆ ಯಕೃತ್ತಿಗೆ ಪೆಟ್ಟು, ಕಡಿಮೆಯಾದರೆ ನೋವು ಇಳಿಯದು. ಅಡುಗೆಮನೆಯ ಚಮಚ ಬೇಡ. ಗುರುತು ಇರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜಿನಿಂದ ಅಳೆಯಿರಿ. ಡಿಸ್ಚಾರ್ಜ್ ದಿನ ಮಗುವಿನ ತೂಕ, ಔಷಧದ ಬಲ, ಮಿಲಿಲೀಟರ್ ಮೂರನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ನೆಗಡಿಯ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಪ್ರತಿ ಸಲ ಔಷಧಕ್ಕೆ ಮುಂಚೆ ಜ್ವರ ಅಳೆದು ಬರೆದಿಡಿ. ಪ್ಯಾರಾಸಿಟಮಾಲ್ ಜ್ವರವನ್ನೂ ಇಳಿಸುವುದರಿಂದ ಗಾಯದ ಸೋಂಕು ಗೊತ್ತಾಗದೆ ಹೋಗಬಹುದು.

ಕೊಡಬಾರದ ಔಷಧಗಳನ್ನೂ ತಿಳಿದಿರಬೇಕು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಮಕ್ಕಳ ತಲೆನೋವಿಗೆ ಆಸ್ಪಿರಿನ್ ಸಲ್ಲದು. ದೊಡ್ಡವರ ಸೊಂಟನೋವಿಗೆ ತಂದಿಟ್ಟ ಟ್ರಾಮಡಾಲ್ ಮಾತ್ರೆಯನ್ನು ಮುರಿದು ಅರ್ಧ ಕೊಡುವ ಧೈರ್ಯ ಮಾಡಬೇಡಿ. ಬಾವು ಇಳಿಸಲು ಬರೆದುಕೊಟ್ಟ ಸ್ಟಿರಾಯ್ಡನ್ನು, ಫಿಟ್ಸಿನ ಔಷಧವನ್ನು ಮಗು ಚೆನ್ನಾಗಿದೆ ಎಂದು ನೀವೇ ನಿಲ್ಲಿಸಬೇಡಿ. ಸ್ಟಿರಾಯ್ಡ್ ತಟ್ಟನೆ ನಿಂತರೆ ತಲೆನೋವು ಮರುಕಳಿಸುತ್ತದೆ. ಗಾಯಕ್ಕೆ ಅರಿಸಿನ, ಎಣ್ಣೆ, ಬೂದಿ ಹಚ್ಚಬೇಡಿ. ನೆತ್ತಿಗೆ ಎಣ್ಣೆ ಒತ್ತುವುದಕ್ಕೂ ತಲೆ ತಿಕ್ಕುವುದಕ್ಕೂ ಇದು ಕಾಲವಲ್ಲ.

ಗುಣವಾಗುವ ಗಾಯದ ನೋವು ದಿನದಿನಕ್ಕೆ ಇಳಿಯುತ್ತದೆ. ಇಳಿದ ನೋವು ಮತ್ತೆ ಏರಿದರೆ ಅದು ಬೇರೆಯೇ ಸುದ್ದಿ ಹೇಳುತ್ತಿದೆ. ಬೆಳಗ್ಗೆ ಎದ್ದಾಗ ಹೆಚ್ಚಾಗುವ ತಲೆನೋವು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಜ್ವರ, ಕತ್ತು ಸೆಟೆಯುವುದು, ಗಾಯದಿಂದ ನೀರಿನಂಥ ದ್ರವ ಸೋರುವುದು, ಕಣ್ಣು ಮಾಲುವುದು, ಕೈಕಾಲಿನ ಬಲ ಕುಂದುವುದು. ಹಾಲುಗೂಸಾದರೆ ನೆತ್ತಿಯ ಮೆತ್ತನೆಯ ಜಾಗ ಉಬ್ಬುವುದು, ಕಣ್ಣಿನ ಪಾಪೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುವುದು. ಶಂಟ್ ಇರುವ ಮಗುವಿನಲ್ಲಿ ಇವು ನಳಿಗೆ ಕಟ್ಟಿದ ಲಕ್ಷಣಗಳೂ ಆಗಿರಬಹುದು. ಇವುಗಳಲ್ಲಿ ಒಂದು ಕಂಡರೂ ನೋವಿನ ಔಷಧ ಹಾಕಿ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಪರೇಷನ್ ಮಾಡಿದ ಆಸ್ಪತ್ರೆಗೂ ತಿಳಿಸಿ. ಡಿಸ್ಚಾರ್ಜ್ ಕಾಗದ ಕೈಚೀಲದಲ್ಲೇ ಇರಲಿ.

ನಾವು ಕೇಳಬೇಕಾದದ್ದು

ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿ 2023ರ ಡಿಸೆಂಬರಿನಿಂದ ಕುಟುಂಬಕ್ಕೆ 10 ಲಕ್ಷ ರೂಪಾಯಿಗೆ ಏರಿದೆ. ಆಪರೇಷನ್ನಿನ ಖರ್ಚಿಗೆ ಅದು ದೊಡ್ಡ ಆಸರೆ. ಮರುಭೇಟಿ ಮತ್ತು ಔಷಧಕ್ಕೆ ಅದರಲ್ಲಿ ಏನು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ಬಿಡುಗಡೆಗೆ ಮುಂಚೆಯೇ ತಿಳಿದುಕೊಳ್ಳಿ. ಹಣ ಕೊಟ್ಟ ಸರ್ಕಾರ ಇನ್ನೂ ಒಂದು ಹೆಜ್ಜೆ ಇಡಬೇಕು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಬರೆಯುವ ಚಾರ್ಟಿನಲ್ಲಿ ಮಗುವಿನ ನೋವಿನ ಅಂಕಕ್ಕೂ ಒಂದು ಕಾಲಂ ಕಡ್ಡಾಯವಾಗಲಿ. ಬರೆಯದೆ ಬಿಟ್ಟ ನೋವಿಗೆ ಯಾರೂ ಔಷಧ ಬರೆಯುವುದಿಲ್ಲ. ಗಡಿಭಾಗದ ಮಕ್ಕಳು ಬರುವ ಆಸ್ಪತ್ರೆಗಳಲ್ಲಿ ಮುಖಗಳ ಚಿತ್ರವಿರುವ ನೋವಿನ ಹಾಳೆ ಮತ್ತು ಡಿಸ್ಚಾರ್ಜ್ ಸೂಚನೆಗಳು ತೆಲುಗು, ಉರ್ದುವಿನ ಜೊತೆ ಕನ್ನಡದಲ್ಲೂ ಸಿಗಲಿ. ಒಂದು ಹಾಳೆಗೆ ತಗಲುವ ಖರ್ಚು ಏನೇನೂ ಅಲ್ಲ. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಆಸ್ಪತ್ರೆಗಳ ವೈದ್ಯರು ಮತ್ತು ಆಶಾ ಕಾರ್ಯಕರ್ತೆಯರಿಗೆ ಶಂಟ್ ಹಾಕಿದ, ಗಡ್ಡೆ ತೆಗೆದ ಮಕ್ಕಳ ಅಪಾಯದ ಕುರುಹುಗಳ ತರಬೇತಿ ಸಿಗಲಿ. ಊರಿನ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಂಡು, ಹೈದರಾಬಾದಿನ ವಾರ್ಡುಗಳಲ್ಲಿ ದುಭಾಷಿಗಳಾಗಿ ನಿಲ್ಲಬಲ್ಲ ಯುವಕರ ಪಟ್ಟಿ ಮಾಡಿದರೆ ಎಷ್ಟೋ ಮನೆಗಳಿಗೆ ಬಲ ಬಂದೀತು.

ಅಲ್ಲಿಯವರೆಗೆ ಹಾಸಿಗೆಯ ಪಕ್ಕ ಕೂತ ಪ್ರತಿ ತಾಯಿ, ತಂದೆ ನಾಲ್ಕು ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಲಿ. ನನ್ನ ಮಗುವಿನ ನೋವು ಈಗ ಎಷ್ಟು? ಅದಕ್ಕೆ ಯಾವ ಔಷಧ ಕೊಟ್ಟಿದ್ದೀರಿ? ಮುಂದಿನದು ಎಷ್ಟು ಗಂಟೆಗೆ? ಅಷ್ಟರೊಳಗೆ ನೋವು ಏರಿದರೆ ಯಾರನ್ನು ಕರೆಯಲಿ? ಓದು ಬರದ ತಾಯಿಗೂ, ತೆಲುಗು ಬಾರದ ಅಜ್ಜಿಗೂ ಇವನ್ನು ಕೇಳುವ ಹಕ್ಕಿದೆ. ಕೇಳಿದವರನ್ನು ಗದರದೆ ಉತ್ತರಿಸುವುದು ಆಸ್ಪತ್ರೆಯ ಕರ್ತವ್ಯ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.